ಡೆಲ್ಲಿಲಿ ನೇತಾಜಿ ಪ್ರತಿಮೆ ನೋಡೋಕೆ ಹೋಗ್ತಿದ್ರೆ ಮೊದ್ಲು ಮೈಸೂರಲ್ಲೇ ಒಂದು ರೌಂಡ್ ಹೊಡೀರಿ

ಡೆಲ್ಲಿಗೆ ಹೋಗೋ ನಮ್ಮ ಮೈಸೂರು ಮಂಡ್ಯ ಕಡೆ ಜನ ಮುಕ್ಕಾಲು ಪಾಲು ಇಂಡಿಯಾ ಗೇಟ್ ಮುಂದೆ ಸಾಲಾಗಿ ನಿಂತು ಒಂದು ಫೋಟೋ ಹೊಡ್ಸ್ಕೊಂಡು, ಐಸ್‌ಕ್ರೀಮ್ ತಿಂದು, ಅಲ್ಲಿಂದಾನೇ ವಾಪಸ್ ಆಟೋ ಹತ್ತಿಬಿಡ್ತಾರೆ. ಗೇಟಿನ ಹಿಂದೆ ಒಂದು ನೂರೈವತ್ತು ಮೀಟರ್ ನಡೆದ್ರೆ ಕಲ್ಲಿನ ಮಂಟಪ ಇದೆ, ಅದರೊಳಗೆ 28 ಅಡಿ ಎತ್ತರದ ಕರಿಕಲ್ಲಿನ ಸುಭಾಷ್ ಚಂದ್ರ ಬೋಸ್ ಸೆಲ್ಯೂಟ್ ಹೊಡೀತಾ ನಿಂತಿದಾರೆ, ಅದನ್ನ ಕೆತ್ತಿದ ಶಿಲ್ಪಿಗಳ ತಂಡದ ಮುಂದಾಳು ನಮ್ಮೂರಿನ ಅರುಣ್ ಯೋಗಿರಾಜ್. ಅಯೋಧ್ಯೆ ರಾಮಲಲ್ಲಾ ಮಾಡಿದ್ರಲ್ಲ ಅವ್ರೇ. ರಾಮಲಲ್ಲಾ 51 ಇಂಚು, ಗರ್ಭಗುಡಿ ಒಳಗೆ, ಕ್ಯೂನಲ್ಲಿ ತಳ್ಳಿಸ್ಕೊಂಡು ಕಣ್ತುಂಬ ನೋಡೋಷ್ಟ್ರಲ್ಲಿ ಮುಂದೆ ಕಳಿಸ್ತಾರೆ. ನೇತಾಜಿ ಹಂಗಲ್ಲ, ಬಯಲಲ್ಲಿದಾರೆ, ಟಿಕೆಟ್ ಇಲ್ಲ, ಎಷ್ಟೊತ್ತು ಬೇಕಾದ್ರೂ ನಿಂತ್ಕೊಂಡು ನೋಡಬಹುದು. ಆದ್ರೆ ಹೆಂಗೆ ನೋಡೋದು, ಯಾವಾಗ ಹೋಗೋದು ಅಂತ ಕೇಳೋರು ಜಾಸ್ತಿ ಇದಾರೆ, ಅದಕ್ಕೆ ಒಂದೇ ಕಡೆ ಬರೆದಿಡ್ತಿದೀನಿ.

ಮೊದ್ಲು ಆ ಮಂಟಪದ ಕಥೆ ಸ್ವಲ್ಪ ತಿಳ್ಕೊಂಡು ಹೋದ್ರೆ ಒಳ್ಳೇದು. ಇಂಡಿಯಾ ಗೇಟ್ 1931ರದ್ದು, ಮಂಟಪ 1936ರದ್ದು, ಎರಡೂ ಬ್ರಿಟಿಷ್ ವಾಸ್ತುಶಿಲ್ಪಿ ಲಟ್ಯೆನ್ಸ್ ಡಿಸೈನ್. ಮಂಟಪದಲ್ಲಿ ಐದನೇ ಜಾರ್ಜ್ ದೊರೆ ಅಮೃತಶಿಲೆ ಪ್ರತಿಮೆ ಇತ್ತು, ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ಆದ್ಮೇಲೂ ಅಲ್ಲೇ ಇತ್ತು, 1968ರಲ್ಲಿ ತೆಗೆದು ಉತ್ತರ ಡೆಲ್ಲಿಯ ಕಾರೊನೇಶನ್ ಪಾರ್ಕಿಗೆ ಸಾಗಿಸಿದ್ರು. ಅಲ್ಲಿಂದ 2022ರ ತನಕ ಮಂಟಪ ಖಾಲಿ. ಯಾರನ್ನ ಕೂರಿಸೋದು ಅಂತ ವಾದ ಮಾಡ್ತಾನೇ ಐವತ್ನಾಲ್ಕು ವರ್ಷ ಹೋಯ್ತು ಅನ್ನಿ. 2022ರ ಜನವರಿ 23ಕ್ಕೆ ನೇತಾಜಿ ಜಯಂತಿ ದಿನ ಬರೀ ಬೆಳಕಿನ ಹಾಲೊಗ್ರಾಮ್ ಇಟ್ಟಿದ್ರು, ಕಲ್ಲಿನ ಪ್ರತಿಮೆ ಅದೇ ವರ್ಷ ಸೆಪ್ಟೆಂಬರ್ 8ಕ್ಕೆ ಅನಾವರಣ ಆಯ್ತು, ರಾಜಪಥ ಕರ್ತವ್ಯ ಪಥ ಆಗಿದ್ದೂ ಅವತ್ತೇ.

ಕಲ್ಲು ಬಂದಿದ್ದು ತೆಲಂಗಾಣದ ಖಮ್ಮಮ್‌ನಿಂದ. 280 ಟನ್ನಿನ ಒಂದೇ ಬಂಡೆ, ಅದನ್ನ ತರೋಕೆ ಅಂತಾನೇ 140 ಚಕ್ರದ 100 ಅಡಿ ಉದ್ದದ ಲಾರಿ ಮಾಡಿಸಿ 1665 ಕಿಲೋಮೀಟರ್ ಎಳ್ಕೊಂಡು ಬಂದ್ರು. ಕೆತ್ತಿ ಮುಗಿಸೋ ಹೊತ್ತಿಗೆ ಉಳಿದಿದ್ದು 65 ಟನ್. ಅಂದ್ರೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ, 215 ಟನ್, ಚಕ್ಕೆ ಪುಡಿ ಆಗಿ ಹೋಗಿದೆ. 26,000 ಮಾನವ ಗಂಟೆ ಕೆಲಸ ಅಂತ ಸರ್ಕಾರದ ಲೆಕ್ಕ. ಈ 280 ಮತ್ತೆ 65 ಎರಡು ನಂಬರ್ ತಲೇಲಿ ಇಟ್ಕೊಳಿ, ಪ್ರತಿಮೆ ಮುಂದೆ ನಿಂತಾಗ ಬೇಕಾಗುತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಡೆಲ್ಲಿಗೆ ಟಿಕೆಟ್ ಬುಕ್ ಮಾಡಿದ್ಮೇಲೆ, ಹೊರಡೋಕೆ ಮುಂಚೆ ಒಂದು ಭಾನುವಾರ ಮೈಸೂರಲ್ಲೇ ಕಲ್ಲು ನೋಡೋಕೆ ಇಡಿ. ಮನೇಲಿ ದೊಡ್ಡೋರು "ಕಲ್ಲು ನೋಡೋಕೆ ಡೆಲ್ಲಿಗ್ಯಾಕಪ್ಪ ಹೋಗ್ಬೇಕು, ಸೋಮನಾಥಪುರ ಇಲ್ವಾ" ಅಂತಾರಲ್ಲ, ಅರ್ಧ ಸರಿ ಅವ್ರು ಹೇಳೋದು. ಇಲ್ಲಿ ನೋಡದೆ ಅಲ್ಲಿಗೆ ಹೋದ್ರೆ ಅಲ್ಲಿ ಕಾಣೋದು ಬರೀ ಒಂದು ಕಪ್ಪು ದೊಡ್ಡ ಪ್ರತಿಮೆ ಅಷ್ಟೇ.

ಹಾರ್ಡಿಂಜ್ ಸರ್ಕಲ್‌ನಿಂದ ಶುರು ಮಾಡಿ. ಅಲ್ಲಿರೋ ಜಯಚಾಮರಾಜ ಒಡೆಯರ್ ಪ್ರತಿಮೆ ಕೂಡ ಅರುಣ್ ಯೋಗಿರಾಜ್ ಕೈಯಿಂದಾನೇ ಬಂದಿದ್ದು, ಹದಿನಾಲ್ಕೂವರೆ ಅಡಿ, ಬಿಳಿ ಅಮೃತಶಿಲೆ, ಅದೂ ಮಂಟಪದ ಒಳಗೇ ನಿಂತಿರೋದು. ಬೆಳಿಗ್ಗೆ ಟ್ರಾಫಿಕ್ ಶುರುವಾಗೋಕೆ ಮುಂಚೆ ಹೋಗಿ, ಫುಟ್‌ಪಾತಿಂದಾನೇ ನೋಡಿ, ಸರ್ಕಲ್ ಮಧ್ಯಕ್ಕೆ ನುಗ್ಗೋಕೆ ಹೋಗ್ಬೇಡಿ. ಬಿಳಿ ಕಲ್ಲಲ್ಲಿ ಬಟ್ಟೆ ಮಡಿಕೆ, ಮುಖದ ಗೆರೆ ಎಲ್ಲ ನೆರಳಾಗಿ ಕಾಣುತ್ತೆ. ಮಡಿಕೆ ಒಳಗೆ ಕತ್ತಲು, ಮೇಲೆ ಬೆಳಕು. ಕರಿಕಲ್ಲಲ್ಲಿ ಇದು ಉಲ್ಟಾ ಆಗುತ್ತೆ, ನೆರಳು ಕಲ್ಲಿನ ಬಣ್ಣದಲ್ಲೇ ಕರಗಿ ಹೋಗುತ್ತೆ, ಮಡಿಕೆಯ ಏಣಿನ ಮೇಲೆ ಬೀಳೋ ಹೊಳಪಿಂದ ಮಾತ್ರ ಆಕಾರ ಗೊತ್ತಾಗೋದು. ಒಬ್ಬರೇ ಶಿಲ್ಪಿ, ಎರಡು ಕಲ್ಲು, ಎರಡು ತರ ನೋಟ. ಇದನ್ನ ಇಲ್ಲೇ ಕಣ್ಣಿಗೆ ರೂಢಿ ಮಾಡ್ಕೊಂಡು ಹೋದ್ರೆ ಡೆಲ್ಲಿಲಿ ಅರ್ಧ ಕೆಲಸ ಮುಗೀತು. ಅಲ್ಲಿಂದ ಹಂಗೇ ಚಾಮರಾಜ ಸರ್ಕಲ್‌ಗೆ ನಡ್ಕೊಂಡು ಹೋಗಿ ಚಾಮರಾಜೇಂದ್ರ ಒಡೆಯರ್ ಪ್ರತಿಮೆನೂ ನೋಡಿ, ಮಂಟಪದ ಚಾವಣಿ ನೆರಳು ಮಧ್ಯಾಹ್ನ ಹನ್ನೆರಡಕ್ಕೆ ಮುಖದ ಮೇಲೆ ಹೆಂಗೆ ಕೂರುತ್ತೆ ಗಮನಿಸಿ. ಡೆಲ್ಲಿಲೂ ಇದೇ ತೊಂದರೆ.

ಆಮೇಲೆ ಚಾಮುಂಡಿ ಬೆಟ್ಟದ ನಂದಿ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಅದೂ ಒಂದೇ ಬಂಡೆ. ಎಲ್ರೂ ಮುಂದೆ ನಿಂತು ಕೈಮುಗಿದು ಬರ್ತಾರೆ, ನೀವು ಒಂದು ಸುತ್ತು ಬನ್ನಿ. ಕೊರಳ ಗಂಟೆ ಸರ, ಕಾಲು, ಬಾಲ ಯಾವುದೂ ದೇಹದಿಂದ ದೂರ ಚಾಚಿಲ್ಲ, ಎಲ್ಲ ಮೈಗೆ ಅಂಟ್ಕೊಂಡೇ ಇದೆ. ಗ್ರಾನೈಟ್ ಮೇಲೆ ಎಷ್ಟು ಭಾರ ಹೇರಿದ್ರೂ ತಡ್ಕೊಳುತ್ತೆ, ಆದ್ರೆ ಗಾಳೀಲಿ ಚಾಚಿದ್ರೆ ತನ್ನ ಭಾರಕ್ಕೆ ತಾನೇ ಬಿರುಕು ಬಿಡುತ್ತೆ, ಅದಕ್ಕೆ ಹಳೇ ಶಿಲ್ಪಿಗಳು ಎಲ್ಲಾನೂ ಒಳಗೇ ಮಡಚಿಟ್ರು. ಸೋಮನಾಥಪುರಕ್ಕೆ ಟೈಮ್ ಇದ್ರೆ ಅದನ್ನೂ ಸೇರಿಸ್ಕೊಳಿ, 1258ರ ದೇವಸ್ಥಾನ, ಬಳಪದ ಕಲ್ಲು, ಮೃದು ಇರೋದ್ರಿಂದ ಉಗುರಷ್ಟು ಜಾಗದಲ್ಲಿ ಸರ ಬಳೆ ಗೆಜ್ಜೆ ಎಲ್ಲ ಬಿಡಿಸಿದಾರೆ. ಅಷ್ಟು ಕುಸುರಿ ಗಟ್ಟಿ ಗ್ರಾನೈಟಲ್ಲಿ ಹುಡುಕ್ಬೇಡಿ. ನೇತಾಜಿ ಪ್ರತಿಮೇಲಿ ಏನೂ ಡೆಕೋರೇಶನ್ನೇ ಇಲ್ವಲ್ಲ ಅಂತ ಗೊಣಗೋರನ್ನ ಕೇಳಿದೀನಿ, ಕಲ್ಲು ಯಾವುದು ಅಂತ ನೋಡದೆ ಹೇಳೋ ಮಾತದು.

ಇನ್ನೊಂದು, ಸಾಧ್ಯ ಆದ್ರೆ ಮೈಸೂರಲ್ಲಿ ಯಾವುದಾದ್ರೂ ಶಿಲ್ಪಿಗಳ ಶೆಡ್‌ಗೆ, ಇಲ್ಲಾಂದ್ರೆ ಸಿದ್ಧಾರ್ಥನಗರದ ಕಲಾ ಕಾಲೇಜು ಕಾವಾದ ಶಿಲ್ಪಕಲೆ ವಿಭಾಗದ ಕಡೆಗೆ ಪರ್ಮಿಷನ್ ಕೇಳ್ಕೊಂಡು ಹೋಗಿ ಕೆಲಸ ನಡೀತಿರೋ ಕರಿಕಲ್ಲನ್ನ ಒಂದ್ಸಲ ನೋಡಿ. ಚಾಣ ಹೊಡೆದ ಜಾಗ ಬೂದಿ ಬಣ್ಣ ಇರುತ್ತೆ, ಕಪ್ಪು ಅಲ್ಲವೇ ಅಲ್ಲ. ಅದರ ಮೇಲೆ ನೀರು ಚಿಮುಕಿಸಿದ ತಕ್ಷಣ ಕಪ್ಪಾಗುತ್ತೆ, ಒಣಗಿದ್ರೆ ಮತ್ತೆ ಬೂದಿ. ಪಾಲಿಶ್ ಹಿಡಿದು ಉಜ್ಜಿ ಉಜ್ಜಿ ನುಣುಪು ಮಾಡಿದ ಮೇಲೇನೇ ಆ ಕಪ್ಪು ಪರ್ಮನೆಂಟಾಗಿ ನಿಲ್ಲೋದು. ಹಂಗಾಗಿ ಶಿಲ್ಪಿಗೆ ಒಂದೇ ಕಲ್ಲಲ್ಲಿ ಬೂದಿಯಿಂದ ಗಾಢ ಕಪ್ಪಿನ ತನಕ ಬೇರೆ ಬೇರೆ ಶೇಡ್ ಸಿಗುತ್ತೆ, ಎಲ್ಲಿ ಎಷ್ಟು ಉಜ್ಜಬೇಕು ಅನ್ನೋದರ ಮೇಲೆ. ಗ್ರೈಂಡರ್ ಧೂಳು ಬಹಳ ಇರುತ್ತೆ, ಮೂಗಿಗೆ ಕರ್ಚೀಫ್ ಕಟ್ಕೊಳಿ, ಬಿಳಿ ಪಂಚೆ ಉಟ್ಕೊಂಡು ಹೋಗ್ಬೇಡಿ.

ಹೋಗೋ ದಾರಿ ವಿಷಯ ಬೇಗ ಮುಗಿಸ್ತೀನಿ. ಮೈಸೂರಿಂದ ನೇರ ಅಂದ್ರೆ ವಾರಕ್ಕೊಂದ್ಸಲ ನಿಜಾಮುದ್ದೀನ್‌ಗೆ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ ಇದೆ. ದಿನಾ ಬೇಕು ಅಂದ್ರೆ ಬೆಂಗಳೂರಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ಸೋ ರಾಜಧಾನಿನೋ ಹಿಡೀಬೇಕು. ವಿಮಾನದಲ್ಲಿ ಹೋಗೋರಿಗೆ ಮೈಸೂರಿಂದ ಬೆಂಗಳೂರು ಏರ್‌ಪೋರ್ಟಿಗೇ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ಮೆಜೆಸ್ಟಿಕ್‌ನಲ್ಲಿ ಇಳಿದು ಲಗೇಜ್ ಎಳ್ಕೊಂಡು ಒದ್ದಾಡೋದು ತಪ್ಪುತ್ತೆ. ಡೆಲ್ಲಿಲಿ ಇಳಿದ್ಮೇಲೆ ಏರ್‌ಪೋರ್ಟ್ ಮೆಟ್ರೋದಲ್ಲಿ ನ್ಯೂಡೆಲ್ಲಿ ಸ್ಟೇಷನ್, ಅಲ್ಲಿ ಹಳದಿ ಲೈನ್‌ಗೆ ಬದಲಾಯಿಸಿ ಮೂರನೇ ಸ್ಟಾಪ್ ಸೆಂಟ್ರಲ್ ಸೆಕ್ರೆಟೇರಿಯಟ್. ಆಟೋದವ್ರಿಗೆ ಶಿಲ್ಪಿ ಹೆಸರು ಹೇಳಿದ್ರೆ ಗೊತ್ತಾಗಲ್ಲ, ಇಂಡಿಯಾ ಗೇಟ್ ಹಿಂದೆ ನೇತಾಜಿ ಮೂರ್ತಿ ಅನ್ನಿ ಸಾಕು.

ಯಾವ ತಿಂಗಳು ಅಂತ ಕೇಳಿದ್ರೆ ಫೆಬ್ರವರಿ ಮಾರ್ಚ್ ಅಂತೀನಿ ನಾನು. ಮೇ ಜೂನಲ್ಲಿ ಆ ಬಿಸಿಲಿಗೆ ಮೈಸೂರು ಹವಾಗೆ ಒಗ್ಗಿರೋ ನಮ್ಮ ತಲೆ ನಿಲ್ಲಲ್ಲ, ನವೆಂಬರಲ್ಲಿ ಹೊಗೆ ಮುಸುಕಿ ಗೇಟೇ ಸರಿಯಾಗಿ ಕಾಣದ ದಿನಗಳಿರ್ತವೆ. ಜನವರಿ ಅಂತೂ ಬೇಡವೇ ಬೇಡ, ಗಣರಾಜ್ಯೋತ್ಸವದ ರಿಹರ್ಸಲ್ ಶುರುವಾಗಿ 29ನೇ ತಾರೀಖು ಬೀಟಿಂಗ್ ರಿಟ್ರೀಟ್ ಮುಗಿಯೋ ತನಕ ಯಾವ ರಸ್ತೆ ಯಾವಾಗ ಬಂದ್ ಮಾಡ್ತಾರೆ ಹೇಳಕ್ಕಾಗಲ್ಲ, ಬ್ಯಾರಿಕೇಡ್ ನೋಡ್ಕೊಂಡು ವಾಪಸ್ ಬರ್ಬೇಕಾಗುತ್ತೆ. ಭಾನುವಾರ ಸಂಜೆ ದಸರಾ ಜಂಬೂಸವಾರಿ ದಿನ ಸಯ್ಯಾಜಿರಾವ್ ರೋಡ್ ಇದ್ದಂಗಿರುತ್ತೆ, ವಾರದ ಮಧ್ಯೆ ಹೋಗಿ.

ಟೈಮ್ ಬಹಳ ಮುಖ್ಯ, ಯಾಕಂದ್ರೆ ಪ್ರತಿಮೆ ಪಶ್ಚಿಮಕ್ಕೆ, ಅಂದ್ರೆ ಇಂಡಿಯಾ ಗೇಟು ಮತ್ತೆ ರಾಷ್ಟ್ರಪತಿ ಭವನ ಇರೋ ರೈಸಿನಾ ಬೆಟ್ಟದ ಕಡೆಗೆ ಮುಖ ಮಾಡಿದೆ. ಬೆಳಿಗ್ಗೆ ಹೋದ್ರೆ ಸೂರ್ಯ ಅದರ ಬೆನ್ನಿಗೆ, ನಿಮ್ಮ ಕಣ್ಣಿಗೆ, ಮುಖ ಪೂರ್ತಿ ಕತ್ತಲು. ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಇದ್ರೆ ಮಂಟಪದ ಚಾವಣಿ ನೆರಳು, ಚಾಮರಾಜ ಸರ್ಕಲ್‌ನಲ್ಲಿ ನೋಡಿದ್ರಲ್ಲ ಅದೇ ಕಥೆ. ಸಂಜೆ ಇಳಿಬಿಸಿಲು ಮಂಟಪದ ಮುಂದಿನ ಕಮಾನಿಂದ ಒಳಗೆ ನುಗ್ಗಿ ನೇರ ಮೈಮೇಲೆ ಬೀಳುತ್ತೆ, ಆಗ ಆ ಕರಿಕಲ್ಲಿನ ಒಂದೊಂದು ಏಣೂ ಎದ್ದು ಕಾಣುತ್ತೆ. ಸೂರ್ಯ ಮುಳುಗೋಕೆ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಡಿಸೆಂಬರಲ್ಲಿ ಅಲ್ಲಿ ಐದೂವರೆ ಒಳಗೇ ಮುಳುಗಿಬಿಡುತ್ತೆ, ಜೂನಲ್ಲಿ ಏಳೂಕಾಲು ದಾಟುತ್ತೆ, ನಮ್ಮೂರಿನ ಲೆಕ್ಕ ಇಟ್ಕೊಂಡು ಹೋದ್ರೆ ಎಡವಟ್ಟಾಗುತ್ತೆ.

ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಇಳಿದು ಕರ್ತವ್ಯ ಪಥದಲ್ಲಿ ನಡ್ಕೊಂಡೇ ಹೋಗಿ ಅಂತ ಹೇಳ್ತೀನಿ, ಎರಡು ಕಿಲೋಮೀಟರ್ ಮೇಲಾಗುತ್ತೆ, ಆದ್ರೆ ಎರಡೂ ಕಡೆ ಹುಲ್ಲುಹಾಸು, ನೀರಿನ ಕಾಲುವೆ, ಮರ ಇದೆ. ರಸ್ತೆಯ ಸರಿ ಮಧ್ಯದ ಗೆರೆಗೆ ಬಂದು ನೋಡಿದ್ರೆ ಇಂಡಿಯಾ ಗೇಟಿನ ಕಮಾನಿನೊಳಗೆ ಹಿಂದಿರೋ ಮಂಟಪ ಕಾಣುತ್ತೆ, ದೂರದಿಂದ ಚಿಕ್ಕದಾಗಿ, ನಡೀತಾ ನಡೀತಾ ಕಮಾನು ದೊಡ್ಡದಾಗುತ್ತೆ, ಮಂಟಪ ಮಾತ್ರ ಒಳಗೇ ಉಳಿಯುತ್ತೆ. ಇದಕ್ಕೋಸ್ಕರ ರಸ್ತೆ ಮಧ್ಯೆ ನಿಲ್ಲಬೇಡಿ ಮತ್ತೆ, ಜನ ನಡೆಯೋ ಜಾಗದಿಂದಾನೇ ಒಂದು ಆಂಗಲ್ ಸಿಗುತ್ತೆ. ಗೇಟಿನ ಸುತ್ತ ಇರೋ ಷಟ್ಕೋನ ರಸ್ತೇಲಿ ಗಾಡಿಗಳು ನಿಲ್ಲೋ ಮಾತೇ ಇಲ್ಲ, ಪಾದಚಾರಿಗಳಿಗೆ ಅಂಡರ್‌ಪಾಸ್ ಮಾಡಿದಾರೆ, ಅದರಲ್ಲೇ ದಾಟಿ. ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು, ಮಂಡಿ ನೋವು ಇರೋರು, ಈ ನಡಿಗೆ ಬಿಟ್ಟು ಷಟ್ಕೋನದ ತನಕ ಆಟೋದಲ್ಲೇ ಬನ್ನಿ. ಅಲ್ಲಿಂದಲೂ ನಡಿಗೆ ಇದ್ದೇ ಇದೆ.

ಈಗ ಪ್ರತಿಮೆ ಮುಂದೆ ಬಂದ್ರಿ ಅನ್ನಿ. ಎಷ್ಟು ಹತ್ರ ಬಿಡ್ತಾರೆ ಅನ್ನೋದು ಅವತ್ತಿನ ಸೆಕ್ಯೂರಿಟಿ ಮೇಲೆ, ಅದಕ್ಕೆ ಮನೇಲಿ ಬೈನಾಕ್ಯುಲರ್ ಇದ್ರೆ ತಗೊಂಡು ಹೋಗಿ, ರಂಗನತಿಟ್ಟಿಗೆ ಹಕ್ಕಿ ನೋಡೋಕೆ ಒಯ್ತೀವಲ್ಲ ಅದೇ ಸಾಕು. ಮೊದ್ಲು ಕೆಳಗಿಂದ ಶುರು ಮಾಡಿ, ಎಲ್ರೂ ಮುಖದಿಂದ ಶುರು ಮಾಡ್ತಾರೆ. ಬೂಟು, ಕಾಲು. 65 ಟನ್ ಪೂರ್ತಿ ಭಾರ ಇಳಿಯೋದು ಇದೇ ದಾರೀಲಿ. ಗುಡಿ ವಿಗ್ರಹಗಳಿಗೆ ಹಿಂದೆ ಪ್ರಭಾವಳಿ ಇರುತ್ತೆ, ಕಾಲ ಹತ್ರ ಪೀಠದ ಜೊತೆ ಸೇರಿದ ಕಲ್ಲು ಇರುತ್ತೆ, ಅದೆಲ್ಲ ಭಾರ ಹಂಚ್ಕೊಳುತ್ತೆ. ಇಲ್ಲಿ ಒಬ್ಬ ಮನುಷ್ಯ, ಮಿಲಿಟರಿ ಯೂನಿಫಾರ್ಮು, ಅಟೆನ್ಷನ್ನಲ್ಲಿ ನಿಂತಿರೋ ನಿಲುವು. ಆ ನಿಲುವು ಕಲ್ಲಿಗೂ ಅನುಕೂಲ, ನೆಟ್ಟಗೆ ನಿಂತ್ರೆ ಭಾರ ನೆಟ್ಟಗೆ ಇಳಿಯುತ್ತೆ.

ಆಮೇಲೆ ಬಲಗೈ. ಇಡೀ ಪ್ರತಿಮೇಲಿ ನನಗೆ ತುಂಬ ಇಷ್ಟ ಆಗೋ ಜಾಗ ಇದೇ. ಸೆಲ್ಯೂಟ್ ಅಂದ್ರೆ ಭುಜದಿಂದ ತೋಳು ಪಕ್ಕಕ್ಕೆ ಏಳ್ಬೇಕು, ಮೊಣಕೈ ಹೊರಗೆ ಬರ್ಬೇಕು, ಅಲ್ಲಿಂದ ಮುಂಗೈ ಹಣೆ ಕಡೆಗೆ ವಾಪಸ್ ಬರ್ಬೇಕು. ಚಾಮುಂಡಿ ಬೆಟ್ಟದ ನಂದಿಲಿ ನೋಡಿದ್ರಲ್ಲ, ಗ್ರಾನೈಟನ್ನ ಹೊರಗೆ ಚಾಚೋದು ಕಷ್ಟ ಅಂತ. ಇಲ್ಲಿ ಚಾಚಲೇಬೇಕು, ಬೇರೆ ದಾರಿ ಇಲ್ಲ, ಆದ್ರೆ ಕೈ ತುದಿ ತಲೆ ಹತ್ರ ಬಂದು ಸೇರೋದ್ರಿಂದ ತೋಳು ಒಂಟಿಯಾಗಿ ಗಾಳೀಲಿ ನೇತಾಡಲ್ಲ, ಎರಡೂ ತುದಿ ಮೈಗೇ ಬರುತ್ತೆ. ಮಧ್ಯದ ಖಾಲಿ ಜಾಗ ಇದೆಯಲ್ಲ, ಅದನ್ನ ಕೊರೆಯೋವಾಗ ಒಂದು ಏಟು ಹೆಚ್ಚು ಕಮ್ಮಿ ಆಗಿದ್ರೆ ಬೇರೆ ಕೈ ತಂದು ಅಂಟಿಸೋ ಹಂಗಿಲ್ಲ, ಖಮ್ಮಮ್‌ನಿಂದ ಇನ್ನೊಂದು ಬಂಡೆ ತರ್ಬೇಕು. ಮೊಣಕೈ ತುದಿ ನೋಡ್ಕೊಂಡು ಲೆಕ್ಕ ಹಾಕಿ, ಮೂಲ ಬಂಡೆ ಕನಿಷ್ಠ ಅಷ್ಟು ಅಗಲ ಇತ್ತು ಅಂತಾಯ್ತು, ಆ ಮೊಣಕೈ ಕೆಳಗೆ ನೆಲದ ತನಕ ಇದ್ದ ಕಲ್ಲೆಲ್ಲ ಹೋಗಿದೆ. 215 ಟನ್ ಎಲ್ಲಿ ಹೋಯ್ತು ಅಂದ್ರೆ ಹಿಂಗೇ. ಕರಿ ಗ್ರಾನೈಟ್ ಒಂದು ಘನ ಅಡಿಗೆ ಎಂಬತ್ತು ಕೆಜಿ ಹತ್ರ ತೂಗುತ್ತೆ, ನೀವೇ ಲೆಕ್ಕ ಹಾಕ್ಕೊಳಿ.

ಮುಖ ಕೊನೆಗೆ ನೋಡಿ. 28 ಅಡಿ ಅಂದ್ರೆ ಎರಡು ಅಂತಸ್ತಿನ ಮನೆಗಿಂತ ಎತ್ತರ, ಬುಡದಿಂದ ಕತ್ತೆತ್ತಿ ನೋಡಿದ್ರೆ ಯಾವ ಪ್ರತಿಮೆಯ ತಲೆನೂ ಚಿಕ್ಕದಾಗೇ ಕಾಣೋದು, ಆದ್ರಿಂದ ಹಿಂದಕ್ಕೆ ಬನ್ನಿ, ಇಂಡಿಯಾ ಗೇಟಿನ ಬುಡದ ತನಕ ಬಂದು ಅಲ್ಲಿಂದ ತಿರುಗಿ ನೋಡಿ. ಕನ್ನಡಕ ಹಾಕಿರೋ ಮುಖವನ್ನ ಕಲ್ಲಲ್ಲಿ ಮಾಡೋದು ಎಷ್ಟು ಕಷ್ಟ ಅಂತ ಯಾರಾದ್ರೂ ಶಿಲ್ಪಿಗಳನ್ನ ಕೇಳಿ, ಗಾಜಿಲ್ಲದೆ ಗಾಜಿನ ಭಾವನೆ ಬರಿಸ್ಬೇಕು, ಹಿಂದೆ ಕಣ್ಣೂ ಕಾಣ್ಬೇಕು. ಇನ್ನು ವಿನ್ಯಾಸದ ಹೊಣೆ ಹೊತ್ತಿದ್ದು ಆಗ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಮುಖ್ಯಸ್ಥರಾಗಿದ್ದ ಒಡಿಶಾದ ಅದ್ವೈತ ಗಡನಾಯಕ್, ಅದನ್ನೂ ಹೇಳ್ಬೇಕು, ನಮ್ಮೂರೋರು ನಮ್ಮೂರೋರು ಅಂತ ಎದೆ ತಟ್ಕೊಳೋವಾಗ ಅವರ ಹೆಸರು, ತಂಡದಲ್ಲಿ ಧೂಳು ಕುಡಿದು ಕೆಲಸ ಮಾಡಿದ ಉಳಿದ ಶಿಲ್ಪಿಗಳು ಎಲ್ಲ ಮರ್ತೇ ಹೋಗ್ತಾರೆ.

ಫೋಟೋ ವಿಷಯ. ಕಪ್ಪು ಪ್ರತಿಮೆ, ಹಿಂದೆ ಬೆಳ್ಳಗಿರೋ ಆಕಾಶ, ಮೊಬೈಲ್ ಕ್ಯಾಮೆರಾ ಆಕಾಶಕ್ಕೆ ಅಡ್ಜಸ್ಟ್ ಆಗಿ ನೇತಾಜಿನ ಬರೀ ಕಪ್ಪು ಆಕಾರ ಮಾಡಿಬಿಡುತ್ತೆ. ಸ್ಕ್ರೀನಲ್ಲಿ ಪ್ರತಿಮೆ ಎದೆ ಮೇಲೆ ಟಚ್ ಮಾಡಿ ಬ್ರೈಟ್‌ನೆಸ್ ಸ್ವಲ್ಪ ಮೇಲಕ್ಕೆ ಎಳೀರಿ, ಆಕಾಶ ಬೆಳ್ಳಗಾದ್ರೆ ಆಗ್ಲಿ ಬಿಡಿ. ದೀಪ ಹತ್ತಿದ್ಮೇಲೂ ಒಂದೆರಡು ತೆಗೀರಿ, ಪಾಲಿಶ್ ಆದ ಕಲ್ಲಿನ ಮೇಲೆ ಲೈಟು ಜಾರೋದು ಆಗ ಚೆನ್ನಾಗಿ ಕಾಣುತ್ತೆ. ಡ್ರೋನ್ ಅಂತೂ ಆ ಏರಿಯಾದಲ್ಲಿ ಪೂರ್ತಿ ನಿಷೇಧ, ಬ್ಯಾಗಿಂದ ಹೊರಗೆ ತೆಗೆಯೋ ಯೋಚನೆನೂ ಬೇಡ, ಟ್ರೈಪಾಡ್ ಹಿಡ್ಕೊಂಡು ನಿಂತ್ರೂ ಪೊಲೀಸ್ನೋರು ಬಂದು ವಿಚಾರಿಸ್ತಾರೆ.

ಪಕ್ಕದಲ್ಲೇ ರಾಷ್ಟ್ರೀಯ ಯುದ್ಧ ಸ್ಮಾರಕ ಇದೆ, 2019ರಲ್ಲಿ ಆಗಿದ್ದು, ಅದೂ ಫ್ರೀ. ಅಲ್ಲಿ 21 ಪರಮವೀರ ಚಕ್ರ ಪಡೆದವರ ಎದೆಮಟ್ಟದ ಕಂಚಿನ ಪ್ರತಿಮೆಗಳಿವೆ, ಕಾರವಾರ ಕಡೆಯ ಮೇಜರ್ ರಾಮ ರಾಘೋಬ ರಾಣೆ ಅವರದ್ದನ್ನ ಹುಡುಕಿ ನೋಡಿ. ಹಗಲಲ್ಲಿ ಬೇಗ ಬಂದ್ರೆ ಷಟ್ಕೋನದ ಮೇಲೇ ಜೈಪುರ ಹೌಸ್, ಅದೇ ಆಧುನಿಕ ಕಲಾ ಗ್ಯಾಲರಿ, ಸೋಮವಾರ ರಜಾ. ಅದರ ಅಂಗಳದಲ್ಲಿ ದೇವಿ ಪ್ರಸಾದ್ ರಾಯ್ ಚೌಧರಿ ಅವರ ಕಾರ್ಮಿಕರ ಶಿಲ್ಪ ಇದೆ, ನಾಲ್ಕು ಜನ ಸೇರಿ ಬಂಡೆ ಸರಿಸ್ತಿರೋದು, ಕಂಚು. ಮೈ ಎಷ್ಟು ಬಗ್ಗಿದೆ, ಕೈಕಾಲು ಎಷ್ಟು ಚಾಚಿದೆ ನೋಡಿ, ಎರಕದಲ್ಲಿ ಅದೆಲ್ಲ ಆಗುತ್ತೆ, ಅದನ್ನ ನೋಡಿ ಬಂದು ನೇತಾಜಿ ಬಲಗೈ ಇನ್ನೊಂದ್ಸಲ ನೋಡಿದ್ರೆ ಅದರ ಬೆಲೆ ಗೊತ್ತಾಗೋದು.

ಇನ್ನರ್ಧ ದಿನ ಉಳಿದಿದ್ರೆ ಮೈಸೂರೋರು ಬಿಡಲೇಬಾರದ ಒಂದು ಜಾಗ ತೀನ್ ಮೂರ್ತಿ. ಅಲ್ಲಿ ನಿಂತಿರೋ ಮೂರು ಕಂಚಿನ ಸೈನಿಕರಲ್ಲಿ ಒಬ್ಬರು ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನವರು, ಇನ್ನಿಬ್ಬರು ಜೋಧಪುರ ಮತ್ತೆ ಹೈದರಾಬಾದಿನವರು, ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ಕ್ಕೆ, ಈಗಿನ ಇಸ್ರೇಲ್‌ನಲ್ಲಿರೋ ಹೈಫಾದಲ್ಲಿ ನಡೆದ ಕದನದ ನೆನಪಿಗೆ ಈಗ ಆ ಸರ್ಕಲ್‌ಗೆ ತೀನ್ ಮೂರ್ತಿ ಹೈಫಾ ಚೌಕ್ ಅಂತ ಹೆಸರು. ಅಲ್ಲಿಂದ ಚಾಣಕ್ಯಪುರಿ ಕರ್ನಾಟಕ ಭವನದ ಕಡೆ ಬಂದ್ರೆ ಸರ್ದಾರ್ ಪಟೇಲ್ ಮಾರ್ಗದಲ್ಲಿ ಗ್ಯಾರಹ್ ಮೂರ್ತಿ, ಅಂದ್ರೆ ದಂಡಿ ಯಾತ್ರೆಯ ಹನ್ನೊಂದು ಮೂರ್ತಿ, ಗಾಂಧೀಜಿ ಮುಂದೆ, ಹತ್ತು ಜನ ಹಿಂದೆ, ಅದೂ ರಾಯ್ ಚೌಧರಿಯವರದ್ದೇ. ಹಳೇ ಐನೂರರ ನೋಟಿನ ಹಿಂದೆ ಇದ್ದ ಚಿತ್ರ ನೆನಪಿದ್ರೆ ತಕ್ಷಣ ಗುರುತು ಸಿಗುತ್ತೆ. ಇಷ್ಟೊತ್ತಿಗೆ ಹೊಟ್ಟೆ ಹಸಿದಿರುತ್ತೆ, ರೋಟಿ ದಾಲ್ ಸಾಕಾಗಿದ್ರೆ ಆರ್.ಕೆ. ಪುರಂ ಕಡೆ ರಾವ್ ತುಲಾರಾಮ್ ಮಾರ್ಗದ ಡೆಲ್ಲಿ ಕರ್ನಾಟಕ ಸಂಘಕ್ಕೆ ಹೋಗಿ, ಕನ್ನಡದಲ್ಲೇ ಮಾತಾಡ್ಕೊಂಡು ನಮ್ಮ ಕಡೆ ತಿಂಡಿ ತಿನ್ನಬಹುದು. ವಾಪಸ್ ಟ್ರೈನ್ ನಿಜಾಮುದ್ದೀನ್‌ನಿಂದಾನಾ ನ್ಯೂಡೆಲ್ಲಿಯಿಂದಾನಾ ಅಂತ ಟಿಕೆಟ್ ತೆಗೆದು ಇನ್ನೊಂದ್ಸಲ ನೋಡ್ಕೊಂಡು ಆಟೋ ಹತ್ತಿ, ಎರಡೂ ಬೇರೆ ಬೇರೆ ದಿಕ್ಕು, ಸಂಜೆ ಟ್ರಾಫಿಕ್ಕಲ್ಲಿ ಒಂದರಿಂದ ಇನ್ನೊಂದಕ್ಕೆ ಓಡೋದು ಆಗದ ಮಾತು.